ನರರೋಗ ತಜ್ಞರ ಬಳಿ ಯಾವಾಗ ಓಡಬೇಕು, ಯಾವಾಗ ನಿಧಾನವಾಗಿ ಹೋಗಬಹುದು

ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್, ದಾವಣಗೆರೆಯಿಂದ ಸುಮಾರು 260. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಲಕ್ವ ಹೊಡೆದಾಗ ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೊಡಲು ವೈದ್ಯರಿಗೆ ಸಿಗುವ ಅವಧಿ, ಲಕ್ಷಣ ಕಾಣಿಸಿಕೊಂಡ ಹೊತ್ತಿನಿಂದ ನಾಲ್ಕೂವರೆ ಗಂಟೆ. ಮನೆಯವರು ಸೇರಿ, ಹಣ ಹೊಂದಿಸಿ, ಕಾರು ಗೊತ್ತು ಮಾಡಿ, 'ಇಲ್ಲೇಕೆ ತೋರಿಸುವುದು, ನೇರ ಬೆಂಗಳೂರಿಗೇ ಹೋಗಿಬಿಡೋಣ' ಎಂದು ಹೊರಟರೆ ತುಮಕೂರು ದಾಟುವ ಹೊತ್ತಿಗೆ ಆ ಅವಧಿ ಮುಗಿದೇ ಹೋಗಿರುತ್ತದೆ. ಅದೇ ಓಣಿಯಲ್ಲಿ ಇನ್ನೊಬ್ಬರು ವರ್ಷಗಳಿಂದ ಇರುವ ಅಂಗಾಲು ಉರಿಗೆ ಊರಿನ ವೈದ್ಯರಿಗೂ ತೋರಿಸದೆ, ಬೆಂಗಳೂರಿನ ತಜ್ಞರ ಸರದಿಗಾಗಿ ಕಾಯುತ್ತಾ ನಿದ್ದೆಗೆಡುತ್ತಿರುತ್ತಾರೆ. ಅವರ ಕಾಯಿಲೆಯ ಮೂಲ ಎರಡು ರಕ್ತಪರೀಕ್ಷೆಗಳಲ್ಲಿ ಇಲ್ಲೇ ತಿಳಿಯಬಹುದಿತ್ತು.

ಮೆದುಳು ಮತ್ತು ನರಗಳ ಕಾಯಿಲೆಯಲ್ಲಿ ಯಾವ ಲಕ್ಷಣ ಎನ್ನುವಷ್ಟೇ ಮುಖ್ಯವಾದದ್ದು, ಆ ಲಕ್ಷಣ ಎಷ್ಟು ಬೇಗ ಬಂತು ಎನ್ನುವುದು. ತಜ್ಞರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಕೈ ಸೋತದ್ದು ಕ್ಷಣದಲ್ಲೋ, ನಾಲ್ಕು ದಿನಗಳಲ್ಲೋ, ಎರಡು ವರ್ಷಗಳಲ್ಲೋ? ರಕ್ತನಾಳ ಕಟ್ಟಿಕೊಳ್ಳುವುದು, ಒಡೆಯುವುದು, ಮೆದುಳಿನ ವಿದ್ಯುತ್ ಚಟುವಟಿಕೆ ಏರುಪೇರಾಗುವುದು ಕ್ಷಣಗಳಲ್ಲಿ ನಡೆಯುವ ಸಂಗತಿಗಳು. ಸೋಂಕು, ಉರಿಯೂತ, ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವುದು ದಿನಗಳ ಲೆಕ್ಕದವು. ಗೆಡ್ಡೆ, ಜೀವಸತ್ವದ ಕೊರತೆ, ಸಕ್ಕರೆ ಕಾಯಿಲೆ, ನರಕೋಶಗಳ ಸವೆತ ತಿಂಗಳು ವರ್ಷಗಳಲ್ಲಿ ಬಲಿಯುತ್ತವೆ. ಕ್ಷಣದಲ್ಲಿ ಬಂದದ್ದಕ್ಕೆ ಆ ಕ್ಷಣವೇ ಆಸ್ಪತ್ರೆ. ದಿನಗಳಲ್ಲಿ ಏರುತ್ತಿರುವುದಕ್ಕೆ ಇಂದೇ ವೈದ್ಯರು. ತಿಂಗಳುಗಳಲ್ಲಿ ಬಂದದ್ದಕ್ಕೆ ಸರದಿ ಪಡೆದು, ತಯಾರಿ ಮಾಡಿಕೊಂಡು ಹೋಗಬಹುದು. ಸಾಮಾನ್ಯರಿಗೆ ದಾರಿ ತೋರಲು ಇದಕ್ಕಿಂತ ಸುಲಭದ ಸೂತ್ರ ನನಗೆ ಕಂಡಿಲ್ಲ.

ಕ್ಷಣದ ಕಾಯಿಲೆಗಳಲ್ಲಿ ದೊಡ್ಡದು ಪಾರ್ಶ್ವವಾಯು. ಮುಖ ಒಂದು ಬದಿಗೆ ಎಳೆದುಕೊಳ್ಳುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಇಲ್ಲವೇ ಎದುರಿನವರ ಮಾತು ಅರ್ಥವಾಗದಿರುವುದು, ಒಂದು ಕಡೆಯ ದೃಷ್ಟಿ ಹೋಗುವುದು, ನಿಲ್ಲಲಾಗದಷ್ಟು ತೂಕ ತಪ್ಪುವುದು. ಇವುಗಳಲ್ಲಿ ಯಾವುದಾದರೂ ಒಂದು ಇದ್ದಕ್ಕಿದ್ದಂತೆ ಬಂದರೂ ಸಾಕು. ಬಹುಪಾಲು ರೋಗಿಗಳಿಗೆ ನೋವು ಇರುವುದಿಲ್ಲ, ಹಾಗಾಗಿಯೇ ಜನ ಕಾಯುತ್ತಾರೆ. ಎದೆನೋವಿಗೆ ಓಡುವವರು ಕೈ ಜೋಮು ಹಿಡಿದರೆ 'ಮಗ್ಗುಲು ಒತ್ತಿ ಮಲಗಿದ್ದೆ, ಸರಿಹೋಗುತ್ತದೆ' ಎಂದು ಮತ್ತೆ ಮಲಗುತ್ತಾರೆ. ದೊಡ್ಡ ರಕ್ತನಾಳ ಕಟ್ಟಿಕೊಂಡ ಪಾರ್ಶ್ವವಾಯುವಿನಲ್ಲಿ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬ ಅಂದಾಜಿದೆ.

ಇಲ್ಲಿ ಮೊದಲು ಹುಡುಕಬೇಕಾದದ್ದು ಹತ್ತಿರದ ಸಿ.ಟಿ. ಸ್ಕ್ಯಾನ್ ಇರುವ, ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಆಸ್ಪತ್ರೆಯನ್ನು. ತಜ್ಞರ ಹೆಸರು ಆಮೇಲೆ. ಏಕೆಂದರೆ ಪಾರ್ಶ್ವವಾಯುವಿನಲ್ಲಿ ಎರಡು ಬಗೆ: ಹೆಪ್ಪು ಕಟ್ಟಿದ್ದು ಮತ್ತು ರಕ್ತಸ್ರಾವವಾದದ್ದು. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಹೆಪ್ಪು ಕರಗಿಸುವ ಔಷಧಿಯನ್ನು ರಕ್ತಸ್ರಾವವಾದವರಿಗೆ ಕೊಟ್ಟರೆ ಜೀವಕ್ಕೇ ಅಪಾಯ. ಸ್ಕ್ಯಾನ್ ಮಾಡದೆ ಯಾರೂ, ಎಷ್ಟೇ ಅನುಭವಿಯಾಗಿದ್ದರೂ, ಇದನ್ನು ಖಚಿತವಾಗಿ ಹೇಳಲಾರರು. ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ನೀರು, ಕಾಫಿ, ಗಂಜಿ ಯಾವುದನ್ನೂ ಬಾಯಿಗೆ ಹಾಕಬಾರದು. ನುಂಗುವ ಸ್ನಾಯುಗಳೂ ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತದೊತ್ತಡ ಹೆಚ್ಚಿದೆ ಎಂದು ಮಾತ್ರೆ ಕೊಟ್ಟು ಗಕ್ಕನೆ ಇಳಿಸುವುದೂ ಹಾನಿಕರ, ರಕ್ತ ಕಡಿಮೆಯಾದ ಮೆದುಳಿಗೆ ಇನ್ನಷ್ಟು ರಕ್ತ ತಪ್ಪುತ್ತದೆ. 108ಕ್ಕೆ ಕರೆ ಮಾಡಿ, ದಾರಿಯಲ್ಲಿದ್ದಾಗಲೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದರೆ ಸ್ಕ್ಯಾನ್ ಕೋಣೆ ಸಿದ್ಧವಿರುತ್ತದೆ.

ಆಸ್ಪತ್ರೆಯಲ್ಲಿ ಕೇಳುವ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿ: ರೋಗಿ ಕೊನೆಯ ಬಾರಿ ಚೆನ್ನಾಗಿದ್ದದ್ದನ್ನು ನೀವು ನೋಡಿದ್ದು ಎಷ್ಟು ಹೊತ್ತಿಗೆ? ಬೆಳಗ್ಗೆ ಏಳುವಾಗಲೇ ಕೈ ಸೋತಿದ್ದರೆ, ಗಡಿಯಾರ ಓಡಲು ಶುರುವಾದದ್ದು ರಾತ್ರಿ ಮಲಗಿದಾಗಿನಿಂದ ಎಂದೇ ಲೆಕ್ಕ ಹಿಡಿಯಬೇಕಾಗುತ್ತದೆ. ರಾತ್ರಿ ಎರಡಕ್ಕೆ ಎದ್ದು ಸರಿಯಾಗಿಯೇ ನಡೆದು ಬಚ್ಚಲಿಗೆ ಹೋಗಿ ಬಂದದ್ದನ್ನು ಹೆಂಡತಿ ನೋಡಿದ್ದರೆ ಆ ಒಂದು ಮಾತಿನಿಂದ ಚಿಕಿತ್ಸೆಯ ಬಾಗಿಲು ತೆರೆಯಬಹುದು. ದೊಡ್ಡ ರಕ್ತನಾಳ ಮುಚ್ಚಿದ್ದರೆ ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆಯೂ ಇದೆ. ಆಯ್ದ ರೋಗಿಗಳಲ್ಲಿ ಅದನ್ನು 24 ಗಂಟೆಯವರೆಗೂ ಮಾಡುತ್ತಾರೆ. ದೊಡ್ಡ ಊರಿಗೆ ಕಳಿಸುವ ಪ್ರಶ್ನೆ ಬರುವುದು ಅಲ್ಲಿ, ಅದನ್ನು ತೀರ್ಮಾನಿಸಬೇಕಾದವರು ಮೊದಲು ಸ್ಕ್ಯಾನ್ ಮಾಡಿದ ವೈದ್ಯರು.

ಲಕ್ವಕ್ಕೆ ಔಷಧಿ ಕೊಡುವ ಊರು ಎಲ್ಲಿದೆ ಎಂದು ವಿಚಾರಿಸುವ ಅಭ್ಯಾಸ ನಮ್ಮ ಎರಡೂ ಜಿಲ್ಲೆಗಳಲ್ಲಿ ಇನ್ನೂ ಹೋಗಿಲ್ಲ. ಎಣ್ಣೆ, ಬೇರು, ಪಾರಿವಾಳದ ರಕ್ತದವರೆಗೂ ಹೋಗುವವರಿದ್ದಾರೆ. ಅವರನ್ನು ಮೂಢರು ಎಂದು ಬೈದರೆ ಏನೂ ಆಗದು. ಈ ನಂಬಿಕೆ ಏಕೆ ಉಳಿದಿದೆ ಎಂದು ತಿಳಿಯಬೇಕು. ಬಾಯಿ ಸೊಟ್ಟಗಾದವರೆಲ್ಲರಿಗೂ ಮೆದುಳಿನ ಪಾರ್ಶ್ವವಾಯು ಆಗಿರುವುದಿಲ್ಲ. ಮುಖದ ಸ್ನಾಯುಗಳಿಗೆ ಹೋಗುವ ಒಂದು ನರ ಕಿವಿಯ ಹಿಂದೆ ಊದಿಕೊಂಡರೂ ಮುಖದ ಒಂದು ಬದಿ ಪೂರ್ತಿ ಸೋಲುತ್ತದೆ. ಇದಕ್ಕೆ ಬೆಲ್ಸ್ ಪಾಲ್ಸಿ ಎಂಬ ಹೆಸರು. ಇದು ಬಹುಪಾಲು ಜನರಲ್ಲಿ ವಾರಗಳಿಂದ ತಿಂಗಳುಗಳ ಒಳಗೆ ತಾನಾಗಿಯೇ ವಾಸಿಯಾಗುತ್ತದೆ. ಹಾಗೆ ವಾಸಿಯಾದವರು ತಾವು ಕುಡಿದ ಕಷಾಯವನ್ನು ಹೊಗಳುತ್ತಾರೆ, ಅವರು ಹೇಳುವುದು ಸುಳ್ಳೂ ಅಲ್ಲ, ಬಾಯಿ ನೇರವಾದದ್ದು ಎಲ್ಲರ ಕಣ್ಣೆದುರಿನ ಸಂಗತಿ. ಆ ಮಾತು ಕೇಳಿ, ನಿಜವಾದ ಪಾರ್ಶ್ವವಾಯು ಆದವರನ್ನೂ ಅದೇ ಊರಿಗೆ ಕರೆದೊಯ್ಯುತ್ತಾರೆ. ನಾಲ್ಕೂವರೆ ಗಂಟೆ ಅಲ್ಲಿ ಕಳೆಯುತ್ತದೆ.

ಎರಡರ ವ್ಯತ್ಯಾಸಕ್ಕೆ ಹಣೆ ನೋಡುತ್ತಾರೆ. ಹುಬ್ಬು ಮೇಲೆತ್ತಿ ಎಂದಾಗ ಸೋತ ಬದಿಯ ಹಣೆಯಲ್ಲಿ ನೆರಿಗೆ ಮೂಡದೆ, ಆ ಕಡೆಯ ಕಣ್ಣನ್ನೂ ಮುಚ್ಚಲಾಗದಿದ್ದರೆ ಬೆಲ್ಸ್ ಪಾಲ್ಸಿ ಇರುವ ಸಾಧ್ಯತೆ ಹೆಚ್ಚು. ಬಾಯಿ ಸೊಟ್ಟಗಾಗಿಯೂ ಹಣೆಯಲ್ಲಿ ನೆರಿಗೆ ಎರಡೂ ಕಡೆ ಸರಿಯಾಗಿ ಮೂಡಿದರೆ ಮೆದುಳಿನ ಕಡೆ ಅನುಮಾನ ಹೋಗುತ್ತದೆ. ಆದರೆ ಇದನ್ನು ಮನೆಯಲ್ಲಿ ನೋಡಿ ತೀರ್ಮಾನಿಸಲು ಹೋಗಬೇಡಿ. ಬೆಲ್ಸ್ ಪಾಲ್ಸಿಗೂ ಮೂರು ದಿನದೊಳಗೆ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರೆ ಪೂರ್ತಿ ವಾಸಿಯಾಗುವ ಸಾಧ್ಯತೆ ಹೆಚ್ಚುತ್ತದೆ, ಮುಚ್ಚದ ಕಣ್ಣು ಒಣಗಿ ಹುಣ್ಣಾಗದಂತೆ ಕಾಪಾಡಬೇಕಾಗುತ್ತದೆ. ಆದ್ದರಿಂದ ಎರಡಕ್ಕೂ ತಡ ಮಾಡದೆ ವೈದ್ಯರೇ ಬೇಕು.

ಇನ್ನೊಂದು ಮೋಸ ಮಾಡುವ ಸ್ಥಿತಿಯಿದೆ. ಕೈ ಸೋತು, ಮಾತು ತೊದಲಿ, ಹತ್ತಿಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಹೆಪ್ಪು ಬಂದು, ತಾನೇ ಕರಗಿಹೋದ ಸ್ಥಿತಿ ಅದು. ಮನೆಯವರು ದೇವರಿಗೆ ಕೈಮುಗಿದು ಸುಮ್ಮನಾಗುತ್ತಾರೆ. ನಿಜವಾದ ಪಾರ್ಶ್ವವಾಯು ಬರುವ ಅಪಾಯ ಅದರ ನಂತರದ 48 ಗಂಟೆಗಳಲ್ಲೇ ಅತಿ ಹೆಚ್ಚು. ಸರಿಹೋಯಿತು ಎಂದು ಹಿಂದಿರುಗಬೇಡಿ, ಅಂದೇ ಹೋಗಿ. ಹೃದಯದ ಬಡಿತದ ಲಯ ತಪ್ಪಿದೆಯೇ, ಕುತ್ತಿಗೆಯ ರಕ್ತನಾಳ ಕಿರಿದಾಗಿದೆಯೇ ಎಂದು ನೋಡಿ ಔಷಧಿ ಕೊಟ್ಟರೆ ದೊಡ್ಡ ಹೊಡೆತವನ್ನು ತಪ್ಪಿಸಬಹುದು.

ತಲೆನೋವಿನ ವಿಷಯಕ್ಕೆ ಬಂದರೆ, ಬಹುಪಾಲು ತಲೆನೋವುಗಳಿಗೆ ನರರೋಗ ತಜ್ಞರೂ ಬೇಕಿಲ್ಲ, ಸ್ಕ್ಯಾನೂ ಬೇಕಿಲ್ಲ. ವರ್ಷಗಳಿಂದ ಒಂದೇ ಬಗೆಯಲ್ಲಿ ಬರುತ್ತಿರುವ, ಬೆಳಕು ಸದ್ದು ಸಹಿಸಲಾಗದ, ವಾಂತಿಯಾಗಿ ಮಲಗಿದರೆ ಇಳಿಯುವ ಅರೆತಲೆನೋವನ್ನು ನಿಮ್ಮ ಕುಟುಂಬ ವೈದ್ಯರೇ ನೋಡಿಕೊಳ್ಳಬಲ್ಲರು. ಆದರೆ ಮೆಡಿಕಲ್ ಅಂಗಡಿಯ ಮಾತ್ರೆಯನ್ನು ತಿಂಗಳಿಗೆ ಹತ್ತು ಹದಿನೈದು ದಿನ ನುಂಗುತ್ತಿದ್ದರೆ, ಆ ಮಾತ್ರೆಯೇ ತಲೆನೋವನ್ನು ಹೆಚ್ಚಿಸುತ್ತಿರಬಹುದು; ಅಂಥವರು ತಜ್ಞರನ್ನು ಕಾಣುವುದು ಒಳ್ಳೆಯದು. ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತಾರಕಕ್ಕೇರುವ, ಹಿಂದೆಂದೂ ಕಾಣದ ತಲೆನೋವಿಗೆ ತುರ್ತು ವಿಭಾಗಕ್ಕೇ ಹೋಗಬೇಕು, ಅದು ಮೆದುಳಿನ ಸುತ್ತ ರಕ್ತ ಸೋರಿದ ಸೂಚನೆ ಇರಬಹುದು. ಜ್ವರ ಬಂದು ಕುತ್ತಿಗೆ ಬಿಗಿದು ಮಂಪರಾದರೂ ಹಾಗೆಯೇ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಮಲಗಿದಾಗ ಅಥವಾ ಬೆಳಗಿನ ಜಾವ ಹೆಚ್ಚಾಗಿ ವಾಂತಿ ತರುವಂಥದ್ದು, ದೃಷ್ಟಿ ಮಸುಕಾಗುವಂಥದ್ದು ಬೇಗನೆ ತೋರಿಸಬೇಕಾದವು.

ಬಾಣಂತಿಯ ತಲೆನೋವಿನ ಬಗ್ಗೆ ಪ್ರತ್ಯೇಕವಾಗಿ ಬರೆಯಲೇಬೇಕು. ಗರ್ಭಿಣಿಯಾಗಿದ್ದಾಗ ಮತ್ತು ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಣ್ಣಿನ ದೇಹದಲ್ಲಿ ಸಹಜವಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ನಮ್ಮ ಅನೇಕ ಮನೆಗಳಲ್ಲಿ ಬಾಣಂತಿಗೆ ನೀರು ಕೊಡುವುದು ತೀರ ಕಡಿಮೆ, 'ನೀರು ಕುಡಿದರೆ ನಂಜಾಗುತ್ತದೆ' ಎಂಬ ಹಿರಿಯರ ಮಾತು. ಬಿಸಿನೀರಿನ ಸ್ನಾನ, ಬೆಚ್ಚನೆಯ ಕೋಣೆ, ಹೊದಿಕೆ, ಬೆವರು, ಹಾಲೂಡಿಸುವುದು, ಕುಡಿಯಲು ಮಾತ್ರ ಲೋಟದಲ್ಲಿ ಅಳೆದ ನೀರು. ದೇಹ ಒಣಗಿ ರಕ್ತ ಗಟ್ಟಿಯಾಗುತ್ತದೆ. ಮೆದುಳಿನಿಂದ ರಕ್ತವನ್ನು ಹೊರಗೊಯ್ಯುವ ದೊಡ್ಡ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟಿದರೆ ದಿನದಿನಕ್ಕೆ ಏರುವ ತಲೆನೋವು, ವಾಂತಿ, ಆಮೇಲೆ ಫಿಟ್ಸ್, ಕೈಕಾಲು ಸೋಲುವುದು, ಪ್ರಜ್ಞೆ ತಪ್ಪುವುದು ಒಂದರ ಹಿಂದೆ ಒಂದು ಬರುತ್ತವೆ. ಬಾಣಂತಿಗೆ ಫಿಟ್ಸ್ ಬಂದಾಗ 'ಸೋಂಕು ತಗುಲಿದೆ, ಗಾಳಿ ಬಡಿದಿದೆ' ಎಂದು ತಾಯಿತ ಕಟ್ಟಿಸಲು ಹೋದರೆ ಆ ಎರಡು ದಿನ ಅವಳ ಪಾಲಿಗೆ ದುಬಾರಿ. ಮಾಮೂಲಿ ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ಕೆಲವೊಮ್ಮೆ ಕಾಣುವುದಿಲ್ಲ, ಅಭಿಧಮನಿಗಳನ್ನೇ ತೋರಿಸುವ ಎಂ.ಆರ್. ವೆನೋಗ್ರಾಂ ಮಾಡಬೇಕಾಗುತ್ತದೆ. ಬೇಗ ಗುರುತಿಸಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೆಪಾರಿನ್ ಶುರು ಮಾಡಿದರೆ ಬಹುತೇಕ ಹೆಣ್ಣುಮಕ್ಕಳು ಚೇತರಿಸಿಕೊಳ್ಳುತ್ತಾರೆ. ಹೆರಿಗೆಯಾದ ಆರು ವಾರಗಳ ಒಳಗೆ ತಲೆನೋವು ಬಿಡದೆ ಏರುತ್ತಿದ್ದರೆ ಇಂದೇ ತೋರಿಸಿ. ಮತ್ತು ಆಕೆಗೆ ಬಾಯಾರಿದಷ್ಟು ನೀರು ಕೊಡಿ.

ಫಿಟ್ಸ್ ಬಂದಾಗ ಮನೆಯಲ್ಲಿ ನಡೆಯುವ ಗದ್ದಲ ಎಲ್ಲರಿಗೂ ಗೊತ್ತು. ಕಬ್ಬಿಣದ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಚಪ್ಪಲಿ ತೋರಿಸುವುದು, ಹಲ್ಲುಗಳ ನಡುವೆ ಚಮಚ ತುರುಕುವುದು. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ, ಕೈಯಲ್ಲಿದ್ದ ಬೀಗದ ಕೈಗೆ ಹೆಸರು ಬರುತ್ತದೆ. ಚಮಚದಿಂದ ಹಲ್ಲು ಮುರಿದು ಗಂಟಲಿಗೆ ಹೋದರೆ ಆಗುವ ಅನಾಹುತ ಫಿಟ್ಸ್‌ಗಿಂತ ದೊಡ್ಡದು. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಹೊತ್ತು ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರಾಗುವ ಮುನ್ನವೇ ಮತ್ತೊಮ್ಮೆ ಬಂದರೆ 108. ಜೀವನದಲ್ಲಿ ಮೊದಲ ಬಾರಿ ಬಂದದ್ದಾದರೆ, ನಿಂತುಹೋಗಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ, ನಂತರ ತಜ್ಞರನ್ನು ಕಾಣಿ.

ಇನ್ನೊಬ್ಬರು ಮೊಬೈಲ್‌ನಲ್ಲಿ ಫಿಟ್ಸ್ ಬರುತ್ತಿರುವುದನ್ನು ಚಿತ್ರಿಸಿಕೊಳ್ಳಲಿ. ಕಲ್ಲೆದೆ ಎಂದು ಯಾರಾದರೂ ಅಂದಾರು, ಅಂದುಕೊಳ್ಳಲಿ. ರೋಗಿಗೆ ಆ ಹೊತ್ತಿನ ನೆನಪಿರುವುದಿಲ್ಲ, ತಜ್ಞರು ಅದನ್ನು ಕಣ್ಣಾರೆ ಕಾಣುವುದು ಅಪರೂಪ. ಕಣ್ಣು ತೆರೆದಿತ್ತೇ, ಕತ್ತು ಯಾವ ಕಡೆಗೆ ತಿರುಗಿತು, ಮೊದಲು ಯಾವ ಕೈ ಅದುರಿತು ಎನ್ನುವುದು ಮೆದುಳಿನ ಯಾವ ಭಾಗದಲ್ಲಿ ತೊಂದರೆ ಎಂದು ತಿಳಿಸುತ್ತದೆ. ಅರ್ಧ ನಿಮಿಷದ ವಿಡಿಯೋ ಅನೇಕ ಬಾರಿ, ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇ.ಇ.ಜಿ. ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ. ಇ.ಇ.ಜಿ. ಸಹಜವಾಗಿ ಬಂದರೂ ಮೂರ್ಛೆರೋಗ ಇಲ್ಲ ಎಂದಾಗುವುದಿಲ್ಲ.

ಎಲ್ಲ ಫಿಟ್ಸ್‌ಗಳಲ್ಲೂ ನೆಲಕ್ಕೆ ಬಿದ್ದು ಒದ್ದಾಡುವುದಿಲ್ಲ. ತರಗತಿಯಲ್ಲಿ ಮಗು ಹತ್ತು ಸೆಕೆಂಡು ಎಲ್ಲೋ ನೋಡುತ್ತಾ ನಿಂತುಬಿಡುತ್ತದೆ, ಮೇಷ್ಟರು ಗಮನ ಕೊಡುವುದಿಲ್ಲ ಎಂದು ಗದರುತ್ತಾರೆ. ದಾವಣಗೆರೆಯಲ್ಲಿ ಪಿ.ಯು. ಓದುವ ಮಕ್ಕಳು ತುಂಬಿದ ಹಾಸ್ಟೆಲ್‌ಗಳಿವೆ. ಪರೀಕ್ಷೆಯ ದಿನಗಳಲ್ಲಿ ರಾತ್ರಿ ನಿದ್ದೆಗೆಟ್ಟು ಓದುವ ಹದಿನಾರರ ಹುಡುಗಿ ಬೆಳಗ್ಗೆ ಹಲ್ಲುಜ್ಜುವಾಗ ಕೈ ಜಗ್ಗಿದಂತಾಗಿ ಬ್ರಷ್ ಬೀಳಿಸುತ್ತಾಳೆ, ಕಾಫಿ ಲೋಟ ಚೆಲ್ಲುತ್ತಾಳೆ. 'ಕೈಯಲ್ಲಿ ಹಿಡಿತವಿಲ್ಲ' ಎಂದು ಬೈಸಿಕೊಳ್ಳುತ್ತಾಳೆ. ಎಚ್ಚರವಾದ ಕೂಡಲೇ ಬರುವ ಇಂಥ ಜಗ್ಗು, ಹದಿವಯಸ್ಸಿನಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆರೋಗದ ಗುರುತು. ಒಂದು ದಿನ ಅದು ದೊಡ್ಡ ಫಿಟ್ಸ್ ಆಗಿ ಬರುತ್ತದೆ. ಫಿಟ್ಸ್‌ಗೆ ಸಾಮಾನ್ಯವಾಗಿ ಬರೆಯುವ ಕೆಲವು ಮಾತ್ರೆಗಳು, ಉದಾಹರಣೆಗೆ ಕಾರ್ಬಮಾಜಪೀನ್, ಈ ಬಗೆಯನ್ನು ಇನ್ನಷ್ಟು ಕೆಡಿಸುತ್ತವೆ. ಇನ್ನೊಂದು ಒಳ್ಳೆಯ ಮಾತ್ರೆ ವಾಲ್ಪ್ರೊಯೇಟ್ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದು, ಮುಂದೆ ತಾಯಿಯಾಗಲಿರುವ ಹುಡುಗಿಗೆ ಯೋಚಿಸಿ ಕೊಡಬೇಕು. ಫಿಟ್ಸ್ ಎಂದರೆ ಒಂದೇ ಕಾಯಿಲೆ, ಒಂದೇ ಮಾತ್ರೆ ಎಂದು ತಿಳಿಯದೆ ತಜ್ಞರಿಗೆ ಒಮ್ಮೆಯಾದರೂ ತೋರಿಸಬೇಕಾದ ಕಾರಣ ಇದು.

ನಮ್ಮ ದೇಶದಲ್ಲಿ ಫಿಟ್ಸ್‌ಗೆ ಇರುವ ಕಾರಣಗಳಲ್ಲಿ ಲಾಡಿಹುಳುವಿನ ಮೊಟ್ಟೆಯೂ ಒಂದು. ಕೊಳಚೆ ಸೇರಿದ ನೀರಿನಲ್ಲಿ ಬೆಳೆದ, ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯ ಮೂಲಕ ಅದು ಹೊಟ್ಟೆ ಸೇರಿ, ಮರಿ ರಕ್ತದಲ್ಲಿ ಹೊರಟು ಮೆದುಳಿನಲ್ಲಿ ಗುಳ್ಳೆ ಕಟ್ಟುತ್ತದೆ. ಮಾಂಸ ಮುಟ್ಟದವರಿಗೂ ಬರುತ್ತದೆ. ಚಿಕಿತ್ಸೆ ಇದೆ.

ದಿನಗಳ ಲೆಕ್ಕದ ಕಾಯಿಲೆಗಳು ಅಪರೂಪ, ಆದರೆ ಕಡೆಗಣಿಸಲಾಗದಷ್ಟು ಗಂಭೀರ. ಒಂದು ವಾರದ ಕೆಳಗೆ ಭೇದಿಯೋ ಜ್ವರವೋ ಬಂದು ಹೋಗಿದೆ. ಈಗ ಕುಕ್ಕರಗಾಲಿನಿಂದ ಏಳಲಾಗುತ್ತಿಲ್ಲ, ನಾಳೆ ಮೆಟ್ಟಿಲು ಹತ್ತಲಾಗುವುದಿಲ್ಲ, ನಾಡಿದ್ದು ಕೈಯೂ ಸೋಲುತ್ತದೆ. ರೋಗನಿರೋಧಕ ಶಕ್ತಿ ನರಗಳ ಮೇಲೆ ತಿರುಗಿಬಿದ್ದ ಗಿಲ್ಲನ್ ಬಾರೆ ಕಾಯಿಲೆ ಇರಬಹುದು. ಸೋಲು ಉಸಿರಾಟದ ಸ್ನಾಯುಗಳಿಗೆ ಏರಿದರೆ ವೆಂಟಿಲೇಟರ್ ಬೇಕಾಗುತ್ತದೆ. ನಡೆದಾಡುತ್ತಿರುವಾಗಲೇ ಆಸ್ಪತ್ರೆ ಸೇರಬೇಕು. ಹಾಗೆಯೇ ಎರಡೂ ಕಾಲು ಸೋತು, ಸೊಂಟದ ಕೆಳಗೆ ಸ್ಪರ್ಶ ತಿಳಿಯದೆ, ಮೂತ್ರ ಕಟ್ಟಿಕೊಂಡರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿತ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಮರೆಯಬಾರದು. ಇವಿಲ್ಲದ ಬರೀ ಸೊಂಟನೋವಿಗೆ ನರರೋಗ ತಜ್ಞರ ಅಗತ್ಯ ಕಡಿಮೆ.

ಇನ್ನು ನಿಧಾನದ ಕಾಯಿಲೆಗಳು. ಬಯಲುಸೀಮೆಯ ನಮಗೆ ವಿಶೇಷವಾದ ಒಂದನ್ನು ಮೊದಲು ಹೇಳುತ್ತೇನೆ. ಚಿತ್ರದುರ್ಗ ಜಿಲ್ಲೆಯಲ್ಲಿ, ದಾವಣಗೆರೆ ಜಿಲ್ಲೆಯ ಜಗಳೂರಿನ ಕಡೆಯಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ದಶಕಗಳ ಕಾಲ ಮೀರಿದ ನೀರು ಕುಡಿದವರಲ್ಲಿ ಹಲ್ಲಿನ ಕಂದು ಕಲೆಯಷ್ಟೇ ಅಲ್ಲದೆ, ಬೆನ್ನುಮೂಳೆಯ ಕೀಲುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳೂ ಗಟ್ಟಿಯಾಗಿ, ಬೆನ್ನುಹುರಿ ಹಾದುಹೋಗುವ ಕಾಲುವೆ ಕಿರಿದಾಗುತ್ತದೆ. ಕತ್ತು ತಿರುಗಿಸಲಾಗದ, ಬಾಗಲಾಗದ ಹಿರಿಯರು 'ವಯಸ್ಸಾಯಿತು, ವಾತ' ಎಂದು ಸುಮ್ಮನಿರುತ್ತಾರೆ. ಕಾಲುಗಳು ಬಿಗಿದು, ನಡಿಗೆ ಎಳೆದಂತಾಗಿ, ಮೂತ್ರ ತಡೆಯಲಾಗದಂತಾದರೆ ಅದು ವಾತವಲ್ಲ, ಬೆನ್ನುಹುರಿಯ ತೊಂದರೆ. ಅಂಥವರು ಯಾವ ಊರಿನಲ್ಲಿ ಬೆಳೆದದ್ದು, ಯಾವ ನೀರು ಕುಡಿದದ್ದು ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಅಂಗಾಲು ಉರಿ, ಜೋಮು ಬೆರಳ ತುದಿಯಿಂದ ಶುರುವಾಗಿ ಕಾಲುಚೀಲ ತೊಟ್ಟಷ್ಟು ಎತ್ತರಕ್ಕೆ ಏರಿದರೆ ಮೊದಲು ಸಕ್ಕರೆ ಕಾಯಿಲೆ ಮತ್ತು ಬಿ12 ಜೀವಸತ್ವದ ಪರೀಕ್ಷೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕೊರತೆ ಸಾಮಾನ್ಯ. ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿದ್ದೇ ತಿಳಿಯಲಿಲ್ಲ ಎಂದು ಒಬ್ಬರು ಹೇಳಿದರೆ ವೈದ್ಯರಿಗೆ ಅರ್ಧ ಕಥೆ ಗೊತ್ತಾಗುತ್ತದೆ. ಇದನ್ನು ಊರಿನ ವೈದ್ಯರೇ ನೋಡಬಹುದು. ಒಂದೇ ಕಾಲಿಗೆ ಬಂದಿದ್ದರೆ, ಬೇಗ ಏರುತ್ತಿದ್ದರೆ, ಪಾದ ಎತ್ತಲಾಗದಿದ್ದರೆ ತಜ್ಞರು ಬೇಕು. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ಕುಷ್ಠವನ್ನು ಪರೀಕ್ಷಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ. ಹಲ್ಲುಜ್ಜುವಾಗ, ರೊಟ್ಟಿ ಅಗಿಯುವಾಗ ಕೆನ್ನೆಯಲ್ಲಿ ಕರೆಂಟ್ ಹೊಡೆದಂತೆ ಕ್ಷಣದ ನೋವು ಬರುತ್ತದೆಯೇ? ಮುಖದ ಸ್ಪರ್ಶ ನರದ ಆ ತೊಂದರೆಗೆ ಚೆನ್ನಾಗಿದ್ದ ಹಲ್ಲುಗಳನ್ನು ಒಂದೊಂದಾಗಿ ಕೀಳಿಸಿಕೊಂಡವರಿದ್ದಾರೆ.

ಕೈ ನಡುಕಕ್ಕೆಲ್ಲ ಪಾರ್ಕಿನ್ಸನ್ ಎಂದು ಹೆದರಬೇಕಿಲ್ಲ. ಲೋಟ ಎತ್ತುವಾಗ ಎರಡೂ ಕೈ ನಡುಗುವುದು ಬಹುಮಟ್ಟಿಗೆ ಬೇರೆಯೇ ತೊಂದರೆ. ಸುಮ್ಮನೆ ತೊಡೆಯ ಮೇಲಿಟ್ಟ ಒಂದು ಕೈ ನಡುಗುವುದು, ನಡಿಗೆ ನಿಧಾನವಾಗುವುದು, ಅಕ್ಷರ ಬರೆಯುತ್ತಾ ಸಣ್ಣದಾಗುವುದು ಪಾರ್ಕಿನ್ಸನ್ ಕಡೆ ಕೈ ತೋರುತ್ತವೆ. ತಲೆಸುತ್ತಿಗೆಂದು ಒಮ್ಮೆ ಬರೆದುಕೊಟ್ಟ ಸಿನ್ನರಿಜಿನ್‌ನಂಥ ಮಾತ್ರೆಯನ್ನು ಅದೇ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವ ಹಿರಿಯರಿಗೂ ಇವೇ ಲಕ್ಷಣಗಳು ಬರುತ್ತವೆ, ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತವೆ. ಮರೆವೂ ಹಾಗೆಯೇ. ದಿನವೂ ಹೋಗಿಬರುತ್ತಿದ್ದ ಎ.ಪಿ.ಎಂ.ಸಿ.ಯಿಂದ ಮನೆಯ ದಾರಿ ತಪ್ಪಿದರೆ, ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ ಕೇಳಿದರೆ ತೋರಿಸಬೇಕು. ಥೈರಾಯ್ಡ್, ಬಿ12, ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಾಗ ತಲೆಬುರುಡೆಯ ಒಳಗೆ ಮೆಲ್ಲನೆ ಕಟ್ಟಿದ ರಕ್ತ, ಇವು ವಾಸಿಯಾಗುವ ಮರೆವಿನ ಕಾರಣಗಳು.

ತಜ್ಞರ ಕೋಣೆಯಲ್ಲಿ ನಡೆಯುವುದನ್ನು ನೋಡಿದವರಿಗೆ ಅದು ವಿಚಿತ್ರವೆನಿಸುತ್ತದೆ. ಟಾರ್ಚ್ ಹಿಡಿದು ಕಣ್ಣು ನೋಡುತ್ತಾರೆ, ಬೆರಳನ್ನು ಹಿಂಬಾಲಿಸಿ ಎನ್ನುತ್ತಾರೆ, ಮೂಗು ಮುಟ್ಟಿಸುತ್ತಾರೆ, ಕಂಪಿಸುವ ಶ್ರುತಿಕವೆಯನ್ನು ಕಾಲ ಹೆಬ್ಬೆರಳಿಗೆ ಒತ್ತಿ 'ಗುಂಯ್ ಎನ್ನುವುದು ತಿಳಿಯುತ್ತಿದೆಯೇ' ಎಂದು ಕೇಳುತ್ತಾರೆ, ಮಂಡಿಗೆ ಸುತ್ತಿಗೆಯಿಂದ ತಟ್ಟುತ್ತಾರೆ, ಅಂಗಾಲನ್ನು ಗೀರುತ್ತಾರೆ, ಗೆರೆಯ ಮೇಲೆ ನಡೆಸುತ್ತಾರೆ. ತೋಟದ ಬೋರ್‌ವೆಲ್‌ನಲ್ಲಿ ನೀರು ನಿಂತಾಗ ಮೆಕ್ಯಾನಿಕ್ ಟ್ರಾನ್ಸ್‌ಫಾರ್ಮರ್, ಸ್ಟಾರ್ಟರ್, ಕೇಬಲ್ ಒಂದೊಂದನ್ನೇ ನೋಡಿ ಕೊನೆಗೆ ಮೋಟಾರ್ ಎತ್ತುವಂತೆ, ಇವರೂ ಸೋಲು ಮೆದುಳಿನದೋ, ಬೆನ್ನುಹುರಿಯದೋ, ನರದ್ದೋ, ಸ್ನಾಯುವಿನದೋ ಎಂದು ಶೋಧಿಸುತ್ತಿರುತ್ತಾರೆ. ಮಂಡಿ ಜೋರಾಗಿ ಎಗರಿದರೆ ಮೇಲಿನ, ಅಂದರೆ ಮೆದುಳು ಅಥವಾ ಬೆನ್ನುಹುರಿಯ ತೊಂದರೆ, ಎಗರದೇ ಇದ್ದರೆ ನರದ ತೊಂದರೆ ಇರಬಹುದು. ಅಂಗಾಲು ಗೀರಿದಾಗ ಹೆಬ್ಬೆರಳು ಮೇಲೆದ್ದರೆ ಮೆದುಳು ಅಥವಾ ಬೆನ್ನುಹುರಿ. ಎಲ್ಲಿ ಎಂದು ತಿಳಿದ ಮೇಲಷ್ಟೇ ಅಲ್ಲಿಗೆ ಸ್ಕ್ಯಾನ್. ಹಾಗಾಗಿ ತಾವಾಗಿಯೇ ಎಂ.ಆರ್.ಐ. ಮಾಡಿಸಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಕತ್ತಿನಲ್ಲಿರುವ ತೊಂದರೆಗೆ ಸೊಂಟದ ಸ್ಕ್ಯಾನ್ ಮಾಡಿಸಿ ಹಣ ಕಳೆದುಕೊಂಡವರಿದ್ದಾರೆ. ನಲವತ್ತು ದಾಟಿದ ಯಾರ ಸೊಂಟ ಸ್ಕ್ಯಾನ್ ಮಾಡಿದರೂ ಡಿಸ್ಕ್ ಉಬ್ಬಿದೆ ಎಂಬ ವರದಿ ಬರುವ ಸಂಭವ ಹೆಚ್ಚು.

ನರರೋಗ ತಜ್ಞರು ಎಂ.ಡಿ. ಮುಗಿಸಿ ಮತ್ತೆ ಮೂರು ವರ್ಷ ನರಶಾಸ್ತ್ರದಲ್ಲಿ ಡಿ.ಎಂ. ಮಾಡಿದವರು, ಔಷಧಿಯಿಂದ ಚಿಕಿತ್ಸೆ ನೀಡುವವರು. ಶಸ್ತ್ರಚಿಕಿತ್ಸೆ ಮಾಡುವ ನ್ಯೂರೋಸರ್ಜನ್ ಬೇರೆ, ಮನಸ್ಸಿನ ಕಾಯಿಲೆ ನೋಡುವ ಮನೋವೈದ್ಯರು ಬೇರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಚಿತ್ರದುರ್ಗದಲ್ಲೂ ಜಿಲ್ಲಾಸ್ಪತ್ರೆ ಮತ್ತು ಕಾಲೇಜು ಆಸ್ಪತ್ರೆ ಇವೆ. ಯಾವ ದಿನ ತಜ್ಞರು ಇರುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಉಪಕ್ರಮದ ಗುರಿಯೇ ಇಂಥ ಸೇವೆಯನ್ನು ಜಿಲ್ಲಾಸ್ಪತ್ರೆಗಳಿಗೆ ತರುವುದು. ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದು, ತುರ್ತು ಸಂದರ್ಭದ ನಿಯಮ ಬೇರೆ.

ಹೋಗುವಾಗ ಲಕ್ಷಣ ಕಂಡವರು ಜೊತೆಗಿರಲಿ. ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಟಿ ಔಷಧಿಯ ಪುಡಿಯಿದ್ದರೆ ಅದನ್ನೂ ಮುಚ್ಚಿಡದೆ ತೋರಿಸಿ. ಹಳೆಯ ಸ್ಕ್ಯಾನ್‌ಗಳ ವರದಿಯ ಹಾಳೆ ಮಾತ್ರ ಸಾಲದು, ಫಿಲ್ಮ್ ಅಥವಾ ಸಿ.ಡಿ. ಬೇಕು.

ಕೊನೆಯ ಮಾತು ಫಿಟ್ಸ್ ಮಾತ್ರೆಯದು. ಸರಿಯಾದ ಔಷಧಿ ತೆಗೆದುಕೊಂಡರೆ ಮೂರ್ಛೆರೋಗಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಮದುವೆಯ ಮಾತುಕತೆಯಲ್ಲಿ ಕಾಯಿಲೆಯನ್ನು ಮುಚ್ಚಿಟ್ಟು, ಗಂಡನ ಮನೆಯಲ್ಲಿ ಯಾರೂ ನೋಡದಿರಲಿ ಎಂದು ಮದುಮಗಳು ಮಾತ್ರೆ ಬಿಡುತ್ತಾಳೆ. ಮದುವೆಯ ದಣಿವು, ನಿದ್ದೆಗೇಡು, ಗಕ್ಕನೆ ನಿಂತ ಮಾತ್ರೆ ಮೂರೂ ಸೇರಿದರೆ ಫಿಟ್ಸ್ ಬಂದೇ ಬರುತ್ತದೆ ಎಂದು ಹೆದರಬೇಕು. ಮೂರ್ಛೆರೋಗ ಇರುವವರು ಮದುವೆಗೆ ಅನರ್ಹರು ಎನ್ನುತ್ತಿದ್ದ ಸಾಲನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ಮದುವೆ ಗೊತ್ತಾದ ಕೂಡಲೇ ತಜ್ಞರ ಬಳಿ ಹೋಗಿ, ಗರ್ಭಿಣಿಯಾದಾಗ ಯಾವ ಮಾತ್ರೆ ಮುಂದುವರಿಸಬೇಕು, ಫೋಲಿಕ್ ಆಮ್ಲ ಯಾವಾಗಿನಿಂದ ಶುರು ಮಾಡಬೇಕು ಎಂದು ಬರೆಸಿಕೊಳ್ಳಿ. ಸಾಧ್ಯವಾದರೆ ಮದುಮಗನೂ ಆ ದಿನ ಜೊತೆಗೆ ಬರಲಿ.